ಎಲ್ಲಿ ಸೋರತೈತಿ, ಬೆರಳಿಟ್ಟು ತೋರಸ್ರಿ

ಮಸಗುಪ್ಪಿ, ತಾಲೂಕ ಮೂಡಲಗಿ
೧೦ ಜೂನ್ ೨೦೨೪

ಈ ಪಾಕೀಟ ಒಡದವ್ರು ಯಾರ ಇರ್ರಿ, ಮೊದಲ ಕೈಯಾನ ಚಾದ ಕಪ್ಪು ಬಾಜೂಕ ಇಡ್ರಿ. ನಿಮ್ಮ ಮನ್ಯಾಗ ಹಿರ್ಯಾರು ಇಲ್ಲೇನು? ಮಂದಿ ನಂಬಿ ಕೊಟ್ಟದ್ದನ್ನ ಬುಡಕ ಹಾಕ್ಕೊಂಡು ಕುಂದ್ರಬಾರದು ಅಂತ ನಿಮಗ ಯಾರೂ ಹೇಳಿಲ್ಲೇನು? ನೀವು ಕಾರಕೂನ ಇದ್ರ ಹಲ್ಲ ಕಿಸೀಬ್ಯಾಡ್ರಿ, ಎದ್ದ ಹೋಗಿ ಈ ಕಾಗದ ಕಿಶೋರ ಮಾಸ್ತರ ಕೈಯಾಗ ಕೊಡ್ರಿ. ಕಿಶೋರ ಮಾಸ್ತರ ನೀವ ಇದ್ರ, ಕುಂತ ಓದ್ರಿ. ನಿಂತ ಓದಿ ಮುಗಿಸೂವಷ್ಟು ಸಣ್ಣ ಸಿಟ್ಟ ಅಲ್ಲ ನಂದು.

ನಾನು ಸೀತವ್ವ. ನಿಮ್ಮ ಕೈಯಾಗ ಡಾಕ್ಟರಕಿ ಓದಾಕ ಹಚ್ಚಿದ ಸುನೀಲನ ಆಯಿ, ಅವನ ಅಪ್ಪನ್ನ ಹಡದಾಕಿ. ನಾಕನೆತ್ತೆ ತನಕ ಸಾಲಿ ಕಲತೇನಿ. ಅಕ್ಷರ ಕುರಿ ಹಿಕ್ಕಿ ಚೆಲ್ಲಿದಂಗ ಅದಾವು, ಓದಾಕ ತ್ರಾಸ ಆಗತೈತಿ. ನಮ್ಮ ಹುಡುಗನ ಪುಸ್ತಕ ಓದೂ ತ್ರಾಸಂತೂ ನೀವು ತಗೊಂಡಿಲ್ಲ, ಇದನ್ನಾರ ತಗೋರಿ.

ಅಂವ ಮೂಡಲಗಿ ಕಂಬಳಿ ಸಂಘದ ಮ್ಯಾನೇಜರ. ಹಿಂದ ನಮ್ಮ ಹೆಣ್ಮಕ್ಕಳು ಬರೇ ಉಣ್ಣಿ ನೂಲತಿದ್ರು, ಗಂಡಸರು ನೇಯ್ತಿದ್ರು. ಈ ಸಂಘದಾಗ ಹೆಣ್ಮಕ್ಕಳ ಮಗ್ಗಕ್ಕ ಕುಂದ್ರತಾರ. ಆದ್ರ ವರ್ಷ ತುಂಬೂದ್ರಾಗ ಬಿಟ್ಟ ಹೊಕ್ಕಾರ. ಯಾಕ ಬಿಡತಾರ ಅನ್ನೂದ ಅವನ ಪುಸ್ತಕ. ನಾಕ ವರ್ಷ ಬರದಾನ. ನೌಕರಿ ಮಾಡ್ಕೊಂತ ತನ್ನ ನೌಕರೀನ ತಾನ ಪರೀಕ್ಷಾ ಮಾಡಿ ನೋಡೂ ಓದು ಇದು ಅಂತ ನನಗ ತಿಳಿಸಿ ಹೇಳಿದ್ದ. ನನಗ ತಿಳೀತು, ಮಂದಿಗೆ ತಿಳೀಲಿಲ್ಲ. ನಮ್ಮ ಬಾಜೂ ಮನಿ ಮಾಳಪ್ಪ ಕಾಲ ಕುಂಟೂ ಟಗರ ಹಿಡಕೊಂಡು ಬಂದು, "ಡಾಕ್ಟರ ಅದಾರೇನ" ಅಂತ ಬಾಗಲದಾಗ ನಿಂತಿದ್ದ. ಸುನೀಲ ನಕ್ಕೋತ ಟಗರಿನ ಕಾಲಾಗಿನ ಮುಳ್ಳ ತಗದ ಕಳಿಸಿದ.

ಹೋದ ವರ್ಷ ಸಪ್ಟೆಂಬರದಾಗ ಪುಸ್ತಕ ನಿಮ್ಮ ಕೈಯಾಗ ಕೊಟ್ಟ ಬಂದ. ನೀವು ಓದಿ ತಪ್ಪ ತೋರಿಸಬೇಕು, ಅಂವ ತಿದ್ದಬೇಕು, ಆಮ್ಯಾಲೆ ದೊಡ್ಡ ಪರೀಕ್ಷಾ. "ಎಂಟ ದಿನದಾಗ ನೋಡ್ತೇನಿ" ಅಂದಿರಂತ. ಇವತ್ತಿಗೆ ಒಂಬತ್ತ ತಿಂಗಳಾತು. ಇಷ್ಟ ದಿನದಾಗ ಹೆಣ್ಮಕ್ಕಳು ಬಸರಾಗಿ ಹಡದ ತೊಟ್ಟಲಾ ಕಟ್ಟತಾರ ಮಾಸ್ತರ.

ಐದ ಸಲ ಹುಕ್ಕೇರಿಗೆ ಬಂದಾನ. ಅವನ ಹೇಣತಿ ಅರ್ಚನಾ ರೊಟ್ಟಿ ಬುತ್ತಿ ಕಟ್ಟಿ ಕೊಡತಿದ್ಲು. ಸಂಜಿಕ ಬುತ್ತಿ ಬಿಚ್ಚದಂಗ ತಿರುಗಿ ಬರ್ತಿತ್ತು. "ಉಣ್ಣಾಕ ಕುಂತಾಗ ಸರ್ ಕರದ್ರ ಹೆಂಗ ಆಯಿ" ಅಂತಿದ್ದ. ನೀವು ಖೋಲಿಯಿಂದ ಹೊರಗ ಬಂದು, "ಓ ಸುನೀಲಾ, ಮುಂದಿನ ವಾರ" ಅಂದು ಗಾಡಿ ಹತ್ತತಿದ್ರಂತ. ಅಂವ "ಆತ್ರಿ ಸರ್" ಅಂದು ಬಸ್ ಹತ್ತತಿದ್ದ.

ಓದ್ರಿ. ಓದಿ ಏನ ಅನಸ್ತು ಬರದ ಕಳಸ್ರಿ. ಕನ್ನಡದಾಗ ಬರೀರಿ, ನನಗೂ ತಿಳೀಬೇಕು.

ಇಂತಿ,
ಸೀತವ್ವ


ಹುಕ್ಕೇರಿ
೨೭ ಜೂನ್ ೨೦೨೪

ಮಾನ್ಯ ಸೀತವ್ವನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಕಾರಕೂನ ಹಲ್ಲು ಕಿಸಿಯಲಿಲ್ಲ. ಮೊದಲ ನಾಲ್ಕು ಸಾಲು ಓದಿ ಮುಖ ಸಣ್ಣದು ಮಾಡಿಕೊಂಡು ತಂದುಕೊಟ್ಟ.

ತಡವಾದದ್ದು ನಿಜ. ನನ್ನ ಮಾರ್ಗದರ್ಶನದಲ್ಲಿ ಒಂಬತ್ತು ಜನ ಇದ್ದಾರೆ, ಎಲ್ಲರೂ ಕೆಲಸದಲ್ಲಿ ಇರುವವರು. ಇಂಥವರಲ್ಲಿ ಕೆಲವರು ನಡುವೆ ಕೈಬಿಡುವುದು ಹೊಸದಲ್ಲ. ಫೆಬ್ರವರಿಯಿಂದ ಸುನೀಲ ಬರಲೂ ಇಲ್ಲ, ನೆನಪು ಮಾಡಲೂ ಇಲ್ಲ. ಅವನಿಗೆ ಆಸಕ್ತಿ ಹೋಗಿದೆ ಎಂದುಕೊಂಡೆ. ಮಾರ್ಚಿನಲ್ಲಿ ಒಮ್ಮೆ ಫೋನ್ ಮಾಡಿದ್ದೆ, ಹತ್ತಲಿಲ್ಲ. ನಿನ್ನೆಯೂ ಹತ್ತಲಿಲ್ಲ.

ಪ್ರಬಂಧ ಬಹಳ ಚೆನ್ನಾಗಿ ಬಂದಿದೆ. ಸಣ್ಣಪುಟ್ಟ ತಿದ್ದುಪಡಿ ಸಾಕು. ಅವನನ್ನು ಒಮ್ಮೆ ಬಂದು ಕಾಣಲು ಹೇಳಿ.

ವಂದನೆಗಳೊಂದಿಗೆ,
ಕಿಶೋರ ಸಾತಪ್ಪ


ಮಸಗುಪ್ಪಿ
೮ ಜುಲೈ ೨೦೨೪

ಕಿಶೋರ ಮಾಸ್ತರ್ರಿಗೆ ಸೀತವ್ವನ ನಮಸ್ಕಾರ.

ನಿಮ್ಮ ಕಾಗದ ಮುಟ್ಟಿತು. ಅಕ್ಷರ ಚಂದ ಅದಾವು. ನಡುವ ಒಂದ ಸುಳ್ಳ ಐತಿ. "ಬಹಳ ಚೆನ್ನಾಗಿ ಬಂದಿದೆ" ಅಂತ ಬರದೀರಲ್ಲ, ಓದಿದ್ರ ಹಂಗ ಬರೀತಿರಲಿಲ್ಲ. ಸುನೀಲ ಮಾಡಿದ್ದರಾಗ ಏನರ ಒಂದ ಎಡವಟ್ಟ ಇದ್ದ ಇರತೈತಿ. ಅವನ ಅಪ್ಪ ಸದಾಶಿವ, ಅವ್ವ, ಇಬ್ಬರೂ ಕುರಿ ಬೆನ್ನ ಹತ್ತಿ ಊರೂರ ತಿರಗಾವ್ರು. ಅವನ್ನ ಬೆಳಸಿದಾಕಿ ನಾನು. ನನಗ ಗೊತ್ತ.

ಗಂಡನ ಹೆಸರ ಬಾಯಿಲೆ ಹೇಳಬಾರದು, ಬರದ್ರ ದೋಷ ಇಲ್ಲ: ಬೀರಸಿದ್ದಪ್ಪ. ಅವರು ಇದ್ದಾಗ ಕಂಬಳಿ ಹೊತಗೊಂಡು ಗೋಕಾಕ ಸಂತಿಗೆ ಹೋಗತಿದ್ವಿ. ತಗೋಳೂ ಮನಷ್ಯಾ ಬಂದ್ರ, ಕಂಬಳಿಯ ನಾಕ ಮೂಲಿ ನಾಕ ಮಂದಿ ಕೈಯಾಗ ಹಿಡಿಸಿ, ನಡುವ ಒಂದ ತಂಬಗಿ ನೀರ ಹಾಕ್ತಿದ್ದ. ನೀರ ನಿಂತ್ರ ಕಂಬಳಿ. ಹನಿ ಬಿದ್ರ ಕೆಳಗ ಬಗ್ಗಿ ನೋಡಿ, ಇಲ್ಲಿ ಸೋರತೈತಿ ನೋಡಬೇ ಅಂತ ಬೆರಳಿಟ್ಟು ತೋರಸ್ತಿದ್ದ. ನಾವು ಅವಮಾನ ಮಾಡ್ಕೋತಿರಲಿಲ್ಲ. ಮನಿಗೆ ಬಂದು ಅದ ಜಾಗಾದಾಗ ಎಳಿ ಬಿಗಿ ಮಾಡತಿದ್ವಿ. ಇನ್ನೊಬ್ಬ ಇರ್ತಿದ್ದ, ನೀರ ಹಾಕದ, ಕೈಲೆ ಸುದ್ದಾ ಮುಟ್ಟದ, "ಭಾಳ ಚಲೋ ಐತಿ" ಅಂತ ಹೊಗಳಿ ಮುಂದ ಹೋಗಾಂವ. ಅಂವ ತಗೋಳೂ ಪೈಕಿ ಅಲ್ಲ. ನೀವು ಅಂಥಾವ್ರ ಆಗಬ್ಯಾಡ್ರಿ.

ನೀರ ಹಾಕ್ರಿ ಮಾಸ್ತರ.

ಸುನೀಲ ಬರಾಂಗಿಲ್ಲ. ಅವನ ಫೋನ ಪೆಟ್ಟಿಗ್ಯಾಗ ಐತಿ. ಯಾಕ ಅಂತ ಮುಂದ ಕೇಳಬ್ಯಾಡ್ರಿ. ನೀವು ಏನ ಬರೀತೀರಿ ಅದನ್ನ ಅವನ ಹೆಸರಿಗೇ ಬರೀರಿ. ನಾ ಅವನ ಮುಂದ ಕುಂತ ಓದತೇನಿ.

ಇಂತಿ,
ಸೀತವ್ವ


ಹುಕ್ಕೇರಿ
೩೦ ಆಗಸ್ಟ್ ೨೦೨೪

ಪ್ರಿಯ ಸುನೀಲ,

ನಿನ್ನ ಆಯಿ ಹೇಳಿದ್ದು ಸರಿ. ಆಗ ನಾನು ಓದಿರಲಿಲ್ಲ. ಈಗ ಓದಿದ್ದೇನೆ, ಎರಡು ಸಲ. ಅವರು ಕೇಳಿದಂತೆ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಎರಡನೇ ಅಧ್ಯಾಯ ಅನಗತ್ಯವಾಗಿ ಉದ್ದ. ಬೇರೆಯವರ ಮಾತುಗಳ ಹಿಂದೆ ನೀನು ಅಡಗಿ ಕುಳಿತಿದ್ದೀಯ. ಅರ್ಧಕ್ಕೆ ಇಳಿಸು. ಮೂರನೆಯದರಲ್ಲಿ, ಅರವತ್ತೊಂದನೇ ಪುಟದಲ್ಲಿ, ಕಣ್ಣು ಮುಚ್ಚಿ ಬೆರಳಿನಿಂದಲೇ ಸಡಿಲ ಎಳೆಯನ್ನು ಹುಡುಕುವ ನೇಕಾರಳ ಬಗ್ಗೆ ಬರೆದಿದ್ದೀಯಲ್ಲ, ಅದು ಬಲ್ಲವನು ಬರೆದ ಪುಟ. ಅದನ್ನು ಮುಟ್ಟಬೇಡ.

ನಾಲ್ಕನೇ ಅಧ್ಯಾಯ ನಿಲ್ಲುವುದಿಲ್ಲ. ಸಂಘ ಬಿಟ್ಟ ನಲವತ್ಮೂರು ಹೆಣ್ಣುಮಕ್ಕಳನ್ನು ಕೇಳಿದ್ದೀಯ. ಮೂವತ್ತೆಂಟು ಜನ "ಏನಿಲ್ರಿ, ಮನಿ ಕೆಲಸ" ಎಂದಿದ್ದಾರೆ. ಅದನ್ನೇ ಕಾರಣವೆಂದು ಬರೆದು ಮುಂದೆ ಹೋಗಿದ್ದೀಯ. ಕೇಳಿದವನು ಯಾರು? ನೀನು. ಅವರ ಕಂಬಳಿಗೆ ಎ, ಬಿ ಎಂದು ದರ್ಜೆ ಹಾಕುವವನು ಯಾರು? ಅದೂ ನೀನೇ. ನಿನ್ನ ಕುರ್ಚಿಯ ಮುಂದೆ ನಿಂತವರು ನಿನಗೆ ನಿಜ ಹೇಳುತ್ತಾರೆಂದು ಹೇಗೆ ನಂಬಿದೆ? ತಾನು ಮಾಡುವ ಕೆಲಸವನ್ನು ತಾನೇ ಪರೀಕ್ಷಿಸುವ ಡಾಕ್ಟರೇಟ್ ಇದು. ಇಲ್ಲಿ ಮೊದಲು ಪರೀಕ್ಷೆಗೆ ಒಳಗಾಗಬೇಕಾದವನು ಮ್ಯಾನೇಜರ್. ಅವನನ್ನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಿದ್ದೀಯ.

ಮತ್ತೆ ಹೋಗು. ನಿನ್ನ ಬದಲು ಬೇರೆ ಯಾರಾದರೂ ಕೇಳಲಿ. ಏನು ಸಿಕ್ಕಿತೆಂದು ಬರೆ.

ಪುಟಗಳ ಅಂಚಿನಲ್ಲೆಲ್ಲ ಕೆಂಪು ಮಸಿಯಲ್ಲಿ ಬರೆದು ಪ್ರಬಂಧವನ್ನು ಜೊತೆಗೆ ಕಳಿಸಿದ್ದೇನೆ.

ನಿನ್ನ,
ಕಿಶೋರ


ಮಸಗುಪ್ಪಿ
೧೪ ಅಕ್ಟೋಬರ್ ೨೦೨೪

ಕಿಶೋರ ಮಾಸ್ತರ್ರಿಗೆ ಸೀತವ್ವನ ನಮಸ್ಕಾರ.

ಪುಸ್ತಕ ಬಂತು. ಕೆಂಪ ಮಸಿ ನೋಡಿ ಜೀವಕ್ಕ ತಂಪಾತು. ಅರ್ಚನಾ ನಿಮ್ಮ ಕಾಗದ ಎರಡ ಸಲ ಓದಿದ್ಲು. ಆಮ್ಯಾಲೆ ಒಲಿ ಮುಂದ ಹೋದ್ಲು. ಭಾಳ ದಿನಕ್ಕ ನಮ್ಮ ಮನ್ಯಾಗ ಒಗ್ಗರಣಿ ಸಪ್ಪಳ ಕೇಳಿದೆ.

ನಿನ್ನ ಬದಲಿ ಬ್ಯಾರೆ ಯಾರರ ಕೇಳಲಿ ಅಂದ್ರಲ್ಲ, ನಾನ ಹೋಗಿದ್ದೆ. ಮೊದಲ ಕೌಜಲಗಿಗೆ, ಫಕೀರವ್ವನ ಮನಿಗೆ. ಸಂಘದಾಗ ಎಲ್ಲಾರಕಿಂತ ಮೊದಲ ಮಗ್ಗಕ್ಕ ಕುಂತಾಕಿ, ಎಲ್ಲಾರಕಿಂತ ಮೊದಲ ಎದ್ದ ಹೋದಾಕಿ. ಅಂಗಳದಾಗ ಜ್ವಾಳ ಹಸನ ಮಾಡಾಕತ್ತಿದ್ಲು.

"ಸಂಘ ಯಾಕ ಬಿಟ್ಟೆವ್ವಾ" ಅಂದೆ.

"ಏನಿಲ್ಲ ಯಕ್ಕಾ, ಮನಿ ಕೆಲಸ" ಅಂದ್ಲು.

ಸುನೀಲನ ಪುಸ್ತಕದಾಗಿನ ಮಾತ ಅದ. ನಾನೂ ಒಂದ ಕೇರೂ ಮರ ತಗೊಂಡು ಹಸನ ಮಾಡಕೋತ ಕುಂತೆ. ಮಳಿ ಮಾತಾತು, ಸೊಸಿ ಮಾತಾತು. ಆಮ್ಯಾಲೆ ಮತ್ತ ಕೇಳಿದೆ. "ಮನಿ ಕೆಲಸ ಮೊದಲೂ ಇತ್ತ, ಈಗೂ ಐತಿ. ಖರೆ ಹೇಳು, ಯಾಕ ಬಿಟ್ಟಿ?"

ಮರ ಕೆಳಗ ಇಟ್ಲು. "ಇಂಥಾದ್ರಾಗ ನಾ ಹೇಳಬಾರದು ಯಕ್ಕಾ."

"ಹೇಳು."

"ತಿಂಗಳಗಟ್ಲೆ ನೇಯ್ದ ಕಂಬಳಿ ಒಯ್ದ ಕೊಡತಿದ್ವಿ. ಒಳಗ ಒಯ್ದು ಬಾಗಲಾ ಹಾಕ್ಕೋತಿದ್ರು. ಹೊರಗ ಬರೂದ್ರಾಗ ಅದಕ್ಕೊಂದ ಚೀಟಿ. ಬಿ. ಮುಂದಿನ ತಿಂಗಳಾ ಒಯ್ದ್ರ ಮತ್ತ ಬಿ. ಎಲ್ಲಿ ಕೆಟ್ಟೈತಿ, ಯಾರೂ ಹೇಳಲಿಲ್ಲ. ತಿದ್ದಕೋಬೇಕಂದ್ರ ಏನ ತಿದ್ದಲಿ? ಸಂತ್ಯಾಗ ಆದ್ರ ನನ್ನ ಕಣ್ಣ ಮುಂದ ನೀರ ಹಾಕ್ತಿದ್ರು. ಆರ ತಿಂಗಳಾ ಬಿ ಅನಿಸ್ಕೊಂಡ ಮ್ಯಾಲೆ, ನನ್ನ ಕೈ ಸತ್ತಾವು ಅಂತ ತಿಳದ ಬಿಟ್ಟೆ."

"ಸುನೀಲ ಬಂದ ಕೇಳಿದಾಗ ಇದನ್ನ ಹೇಳಬೇಕಿತ್ತಿಲ್ಲೋ?"

"ಕೇಳಿದ ಖರೆ. ಒಂದ ಸಲ ಕೇಳಿದ. ಉಣ್ಣು ಬಾ ಅಂತ ಒಂದ ಸಲ ಕರದ್ರ ನಾವು ಹೋಗಿ ತಾಟಿಗೆ ಕೈ ಹಾಕ್ತೀವೇನ? ಇನ್ನೊಂದ ಸಲ ಕೇಳ್ಯಾನು ಅಂತ ಬಾಯಾಗ ಮಾತ ಹಿಡಕೊಂಡ ನಿಂತಿದ್ದೆ. ಅಂವ ಬರಕೊಂಡು ಮುಂದಿನಾಕಿ ಕಡಿ ಹೋದ."

ಘೋಡಗೇರಿಗೂ ಹೋದೆ. ಅಲ್ಲಿ ಗುಡ್ಡವ್ವ ಅಂತ ಒಬ್ಬಾಕಿ, ನನಗಿಂತ ಬಾಯಿ ಜೋರ. "ಎಮ್ಮಿ ಕಿವಿಗೆ ನಂಬರಿನ ಬಿಲ್ಲಿ ಹೊಡದಂಗ ನಮಗ ಚೀಟಿ ಹೊಡದ್ರಲ್ಲ, ಕೇಳಾಕ ಈಗ ಬಂದಿ ಏನ ಮುದುಕಿ" ಅಂದ್ಲು. ಆದ್ರ ಆಕಿನೂ ಮೊದಲ ಸಲ ಏನಿಲ್ಲ ಅಂದಾಕೀನ. ಮೂರ ಊರಾಗ ಹದಿನಾಕ ಮನಿ ಅಡ್ಡಾಡಿದೆ. ಎಲ್ಲಾರೂ ಮೊದಲ ಏನಿಲ್ಲ ಅಂದ್ರು, ಎರಡನೇ ಸಲ ಕೇಳಿದ ಮ್ಯಾಲೆ ಇದನ್ನ ಹೇಳಿದ್ರು.

ನಾಕ ದಿನ ಈ ಕಾಗದ ಬರೀಲಿಲ್ಲ. ನನ್ನ ಹುಡುಗನ ತಪ್ಪ ನನ್ನ ಕೈಲೇ ಬರೀಬೇಕಲ್ಲ ಅಂತ. ಆಮ್ಯಾಲೆ ಅನಸ್ತು, ನಾ ಮುಚ್ಚಿಟ್ರ ನಿಮಗೂ ನನಗೂ ಏನ ಫರಕ ಉಳೀತು. ಅಂವ ಆ ಹೆಣ್ಮಕ್ಕಳಿಗೆ ಮಾಡಿದ್ದ, ನೀವು ಅವಗ ಮಾಡಿದ್ದ, ಎರಡೂ ಒಂದ ಮಾಸ್ತರ. ಬಾಗಲಾ ಹಾಕ್ಕೊಂಡ ಕುಂತ್ರಿ ಇಬ್ಬರೂ.

ಬರಕೋರಿ. ನಾಕನೇ ಪಾಠ ಸೋರತೈತಿ. ಎಲ್ಲಿ ಅಂತ ಮ್ಯಾಲೆ ಹೇಳೇನಿ.

ಇಂತಿ,
ಸೀತವ್ವ


ಹುಕ್ಕೇರಿ
೧೧ ನವೆಂಬರ್ ೨೦೨೪

ಪ್ರಿಯ ಸುನೀಲ, ಗೌರವದ ಆಯಿ,

ಇಪ್ಪತ್ತೆರಡು ವರ್ಷ ಕಲಿಸಿದ್ದೇನೆ. ಇಂಥ ಕ್ಷೇತ್ರಕಾರ್ಯ ನಾನು ನೋಡಿಲ್ಲ. ಆಯಿ ಬರೆದದ್ದು ಇಡೀ ಪ್ರಬಂಧವನ್ನೇ ತಿರುಗಿಸಿ ನಿಲ್ಲಿಸುತ್ತದೆ. ನಾಲ್ಕನೇ ಅಧ್ಯಾಯವನ್ನು ಇದರ ಮೇಲೆ ಹೊಸದಾಗಿ ಕಟ್ಟಬೇಕು. ಮೌಖಿಕ ಪರೀಕ್ಷೆಯ ನಂತರವೂ ತಿದ್ದಿ ಕೊಡಲು ಅವಕಾಶವಿದೆ, ಹಾಗಾಗಿ ಅದರ ದಿನ ಗೊತ್ತುಮಾಡಿದ್ದೇನೆ. ಡಿಸೆಂಬರ್ ಒಂಬತ್ತು, ಬೆಳಗ್ಗೆ ಹನ್ನೊಂದು. ಹೊರಗಿನಿಂದ ಇಬ್ಬರು ಪರೀಕ್ಷಕರು ಬರುತ್ತಾರೆ. ಸುನೀಲ ತಾನೇ ಬಂದು ಉತ್ತರ ಹೇಳಬೇಕು, ನಿಯಮ ಹಾಗಿದೆ.

ಏನೇ ಬೇಸರವಿದ್ದರೂ ಬಾ. ನಿನ್ನನ್ನು ಹೊರಗೆ ಕೂರಿಸಿದ್ದು ನನ್ನ ತಪ್ಪೆಂದು ಅವರ ಮುಂದೆಯೇ ಹೇಳುತ್ತೇನೆ. ಮಧ್ಯಾಹ್ನ ಊಟ ನಮ್ಮ ಮನೆಯಲ್ಲಿ. ಈ ಸಲ ಬುತ್ತಿ ತರಬೇಡ.

ನಿನ್ನ,
ಕಿಶೋರ


ಮಸಗುಪ್ಪಿ
೨೪ ನವೆಂಬರ್ ೨೦೨೪

ಕಿಶೋರ ಮಾಸ್ತರ್ರಿಗೆ,

ಅಂವ ಇಲ್ಲ ಮಾಸ್ತರ.

ಈ ಫೆಬ್ರವರಿ ಹದಿನೇಳಕ್ಕ ಹೋದ. ಕೌಜಲಗ್ಯಾಗ ಸಂಘದ ಸಭಾ ಇತ್ತು. ಮುಗಿಸ್ಕೊಂಡು ಮೋಟರ್ ಸೈಕಲ್ ಮ್ಯಾಲೆ ಬರೂ ಮುಂದ, ದೀಪ ಹಚ್ಚೂ ಹೊತ್ತು, ಕಬ್ಬ ಹೇರಿದ ಟ್ರ್ಯಾಲಿ ರಸ್ತಾದಾಗ ನಿಂತಿತ್ತು. ಹಿಂದ ಒಂದ ಕೆಂಪ ದೀಪ ಇಲ್ಲ, ಒಂದ ಬಟ್ಟಿ ತುಣುಕ ಇಲ್ಲ. ಗೋಕಾಕ ದವಾಖಾನಿಗೆ ಒಯ್ಯೂದ್ರಾಗ ಮುಗದಿತ್ತು. ಮೂವತ್ತೆಂಟ ವರ್ಷ. ಬೆನ್ನಿಗೆ ಹಾಕ್ಕೊಂಡ ಚೀಲದಾಗ ನಿಮ್ಮ ವಿಳಾಸ ಬರದ ಪಾಕೀಟ ಒಂದಿತ್ತು, ಒಳಗ ಏನೂ ಇರಲಿಲ್ಲ. ನಿಮಗ ಒಂದ ಕಾಗದ ಬರೀಬೇಕಂತ ತಗೊಂಡು, ಬರೀಲೋ ಬ್ಯಾಡೋ ಅಂತ ಇಟ್ಟಿದ್ದ ಕಾಣತೈತಿ. ನಾ ನಿಮಗ ಮೊದಲ ಬರದ ಕಾಗದ ಅದ ಪಾಕೀಟದಾಗ ಹಾಕಿ ಕಳಿಸಿದ್ದೆ.

ನಿಮ್ಮ ಬೈಬೇಕು ಅಂತ ಕುಂತಾಕಿ, ಅಂವ ಸತ್ತಾನ ಅಂತ ಬರೀಲಿಲ್ಲ. ಬೇಕಂತ ಬರೀಲಿಲ್ಲ. ಸತ್ತವನ ಪುಸ್ತಕ ಅಂತ ಗೊತ್ತಾದ್ರ ನೀವು ಅದಕ್ಕ ಕೈ ಮುಗದು ಕಪಾಟದಾಗ ಇಡತಿದ್ರಿ. ಒಬ್ಬರೂ ಅದರಾಗ ತಪ್ಪ ಹಿಡೀತಿರಲಿಲ್ಲ. ಬದುಕಿದ್ದವಂದು ಅಂತ ತಿಳದೀರಿ ಅಂತ ಕೆಂಪ ಮಸಿ ಬಿತ್ತು. ನಿಮ್ಮ ಆಗಸ್ಟ ಕಾಗದ ಅವನ ಫೋಟೋ ಮುಂದ ಕುಂತ ಓದೇನಿ. "ಮತ್ತೆ ಹೋಗು" ಅಂತ ಬರದಿದ್ರಿ ನೋಡ್ರಿ, ಹೋಗಾಕ ಅಂವ ಎಲ್ಲಿ ಅದಾನ. ಅದಕ್ಕ ನಾ ಹೋದೆ.

ಬುತ್ತಿ ತರಬ್ಯಾಡ ಅಂತ ಬರದದ್ದನ್ನ ಅರ್ಚನಾಗ ತೋರಿಸಿಲ್ಲ.

ಒಂದ ಮಾತ ಕೇಳತೇನಿ. ಪರೀಕ್ಷಾ ರದ್ದ ಮಾಡಬ್ಯಾಡ್ರಿ. ಆ ಇಬ್ಬರು ಪರೀಕ್ಷಾ ಮಾಡಾವ್ರು ಪುಸ್ತಕ ಓದಲಿ, ನಾ ತಂದ ಹದಿನಾಕ ಮನಿ ಮಾತೂ ಓದಲಿ. ಪಾಸ ಅನ್ರಿ, ನಾಪಾಸ ಅನ್ರಿ. ಎಲ್ಲಿ ನೀರ ನಿಂತೈತಿ, ಎಲ್ಲಿ ಸೋರೈತಿ, ಬರದು ಸೈ ಮಾಡಿ ಕೊಡಲಿ.

ಇಂತಿ,
ಸೀತವ್ವ


ಹುಕ್ಕೇರಿ
೨೦ ಜನವರಿ ೨೦೨೫

ಆಯಿ,

ಎರಡು ತಿಂಗಳಾಯಿತು. ನಾಲ್ಕು ಸಲ ಬರೆದು ಹರಿದೆ.

ಮಾರ್ಚಿನಲ್ಲಿ ಫೋನ್ ಹತ್ತದಾಗ ನಾನೂ ಒಂದೇ ಸಲ ಮಾಡಿ ಬಿಟ್ಟೆ. ಅವನು ನೆನಪು ಮಾಡದಿದ್ದುದನ್ನು ಆಸಕ್ತಿ ಇಲ್ಲವೆಂದು ಓದಿದೆ. ಅದು ಮರ್ಯಾದೆ ಎಂದು ಹೊಳೆಯಲಿಲ್ಲ. ಹೊಳೆಯಬೇಕಿತ್ತು. ನನ್ನಪ್ಪ ಸಾತಪ್ಪ ಘೋಡಗೇರಿಯಲ್ಲಿ ಮಂದಿಯ ಹೊಲದಲ್ಲಿ ಕೂಲಿ ಮಾಡಿದವನು. ನಾನು ಡಾಕ್ಟರೇಟ್ ಮಾಡುವಾಗ ನನ್ನ ಗುರುಗಳ ಕಟ್ಟೆಯ ಮೇಲೆ ಆರು ವರ್ಷ ಕುಳಿತಿದ್ದೆ. ಕಾಯಿಸುವುದೇ ಕಲಿಸುವ ರೀತಿ ಎಂದು ಅಲ್ಲಿ ಕಲಿತೆ. ಕುರ್ಚಿ ಸಿಕ್ಕ ಮೇಲೆ ನಾನೂ ಹಾಗೆಯೇ ಕಾಯಿಸಿದೆ.

ನಿಮ್ಮ ಮಾತನ್ನು ಸಮಿತಿಯ ಮುಂದಿಟ್ಟೆ. ಅಭ್ಯರ್ಥಿ ಇಲ್ಲದೆ ಮೌಖಿಕ ಪರೀಕ್ಷೆ ಇಲ್ಲ ಎಂದರು. ಎಲ್ಲರಿಗೂ ದುಃಖವಾಗಿದೆ. ಮಾರ್ಚಿನ ಸಮಾರಂಭದಲ್ಲಿ ಸುನೀಲನ ಹೆಸರಿನಲ್ಲಿ ಒಂದು ಗೌರವ ಪತ್ರ ಕೊಡಲು ಒಪ್ಪಿದ್ದಾರೆ. ಅದಕ್ಕೆ ಮೌಲ್ಯಮಾಪನದ ಅಗತ್ಯವಿಲ್ಲ. ಅರ್ಚನಾ ವೇದಿಕೆಗೆ ಬಂದು ತೆಗೆದುಕೊಳ್ಳಬಹುದು. ದಯವಿಟ್ಟು ಬೇಡವೆನ್ನಬೇಡಿ. ಇದಕ್ಕಿಂತ ಹೆಚ್ಚಿನದು ನನ್ನ ಕೈಯಲ್ಲಿಲ್ಲ.

ನಿಮ್ಮ,
ಕಿಶೋರ


ಮಸಗುಪ್ಪಿ
೬ ಫೆಬ್ರವರಿ ೨೦೨೫

ಕಿಶೋರಪ್ಪಾ,

ನೀ ಅಂತೇನಿ ಇನ್ನ ಮ್ಯಾಲೆ. ಕಟ್ಟಿ ಮ್ಯಾಲೆ ಕುಂತ ಹುಡುಗ ನೀನೂ ಅಂತ ಗೊತ್ತಾದ ಮ್ಯಾಲೆ, ರಿ ಹಚ್ಚಿ ಬೈಯಾಕ ಬಾಯಿ ಬರವಲ್ದು.

ಗೌರವ ಪತ್ರ ಬ್ಯಾಡ. ಅದನ್ನ ತಂದ್ರ ಕಟ್ಟ ಹಾಕಿಸಿ ಗ್ವಾಡಿಗೆ ತೂಗ ಹಾಕಬೇಕು, ಹಾರ ಹಾಕಬೇಕು. ನಮ್ಮ ಮನಿ ಗ್ವಾಡಿಗೆ ಅವಂದೊಂದ ಫೋಟೋ ಸಾಕು.

ನನ್ನ ನೆಗೆಣ್ಣಿ ಒಬ್ಬಾಕಿ ಇದ್ಲು, ಮೈದುನನ ಹೇಣತಿ. ಗಂಡ ಸತ್ತ ತಿಂಗಳದಾಗ, ತಾ ನೂತ ಉಣ್ಣಿ ಕಂಬಳಿ ಹೊತಗೊಂಡು ಸಂತಿಗೆ ಬಂದ್ಲು. ಒಬ್ಬ ಪುಣ್ಯಾತ್ಮ, ಪಾಪ ಅಂತ, ನೀರ ಹಾಕದ ತಗೊಂಡ. ಆಕಿ ತಿರುಗಿ ಬರೂ ಮುಂದ ದಾರಿ ತುಂಬ ಅತ್ಲು. ಗಂಡ ಸತ್ತ ದಿನ ಅಷ್ಟ ಅತ್ತಿರಲಿಲ್ಲ. "ಯಕ್ಕಾ, ನನ್ನ ಕಂಬಳಿ ನೋಡಲಿಲ್ಲ, ನನ್ನ ಹಣಿ ನೋಡಿದ" ಅಂದ್ಲು. ಮುಂದ ಆಕಿ ಉಣ್ಣಿ ಮುಟ್ಟಲಿಲ್ಲ. ನಿಮ್ಮ ಸಮಿತಿ ಮಂದಿ ಈಗ ಅದನ್ನ ಮಾಡಾಕ ಹೊಂಟಾರ. ಅವರಿಗೆ ಕೆಟ್ಟ ಬುದ್ಧಿ ಇಲ್ಲ, ನನಗ ಗೊತ್ತೈತಿ. ಆ ಪುಣ್ಯಾತ್ಮಗೂ ಇರಲಿಲ್ಲ.

ಈಗ ನಾ ಇನ್ನೊಂದ ಹೇಳತೇನಿ. ಹೇಳಬಾರದು ಅಂತ ವರ್ಷಾತು ಹೊಟ್ಟ್ಯಾಗ ಇಟಗೊಂಡು.

ಸುನೀಲ ಆರ ವರ್ಷದಾಂವ. ಉಣ್ಣಿ ಕೊಡಾಕ ಗೋಕಾಕದಾಗ ಒಬ್ಬ ಸಾವಕಾರ ಮನಿಗೆ ಕರಕೊಂಡ ಹೋಗಿದ್ದೆ. ಸಾವಕಾರ್ತಿ ಅವನ ಕೈಯಾಗ ಒಂದ ತುಣುಕ ಕರದಂಟ ಇಟ್ಲು. ತಿಂದು, "ಇನ್ನೊಂದ ಕೊಡತೀರೇನ್ರಿ" ಅಂದ. ಆಕಿ ಕೇಳಿಸದಂಗ ಮಾಡಿದ್ಲು. ಅಂವ ಮತ್ತ ಕೇಳಿದ. ನನಗ ಮಾರಿ ಎಲ್ಲಿ ಇಡ್ಲಿ ಅನಸ್ತು. ಹೊರಗ ಬಂದ ಕೂಡ್ಲೆ ಕಪಾಳಕ್ಕ ಹೊಡದೆ. "ಮಂದಿಗೆ ಎರಡನೇ ಸಲ ಕೇಳಬಾರದು. ಕೊಡಾವ್ರು ಇದ್ರ ಒಂದ ಸಲಕ್ಕ ಕೊಡತಾರ" ಅಂದೆ. ಅಳಲಿಲ್ಲ ಅಂವ. ತುಟಿಗೆ ಹತ್ತಿದ ಬೆಲ್ಲ ಒರಸ್ಕೊಂಡ.

ಅವತ್ತಿಂದ ಯಾರಿಗೂ ಎರಡನೇ ಸಲ ಕೇಳಲಿಲ್ಲ. ಫಕೀರವ್ವಗ ಕೇಳಲಿಲ್ಲ. ನಿನಗ ಕೇಳಲಿಲ್ಲ. ಬುತ್ತಿ ತೊಡಿ ಮ್ಯಾಲೆ ಇಟಗೊಂಡು ಕುಂತ. ನಿನ್ನ ಬಾಗಲಾ ನೀ ಹಾಕಿದ್ದ ಖರೆ, ಅದನ್ನ ಬಡೀಬ್ಯಾಡ ಅಂತ ಅವಗ ಕಲಸಿದಾಕಿ ನಾನು. ನಿನಗ ಬರದ ಬೈಗಳದಾಗ ಅರ್ಧ ನನಗ ಬರದದ್ದು.

ಹೋದ ವಾರ ಫಕೀರವ್ವ ಬಂದಿದ್ಲು, ಬಗಲಾಗ ಕಂಬಳಿ. ಅರ್ಚನಾ ಒಂದ ಕಡಿ, ನಾ ಒಂದ ಕಡಿ, ಮಾಳಪ್ಪ, ಅವನ ಹೇಣತಿ, ನಾಕ ಮೂಲಿ ಹಿಡದ ಅಂಗಳದಾಗ ನೀರ ಹಾಕಿದ್ವಿ. ಸೋರಿತು. ಬೆರಳಿಟ್ಟು ತೋರಿಸಿದೆ. ನನ್ನ ಕಣ್ಣ ಕುರುಡ ಅಂತ ಬೈದ್ಲು, ತಾನೂ ಬಗ್ಗಿ ನೋಡಿದ್ಲು, ಮಡಚಿ ಬಗಲಾಗ ಇಟಗೊಂಡು ಎಳಿ ಬಿಗಿ ಮಾಡಾಕ ಒಯ್ದ್ಲು. ಹೋಗೂ ಮುಂದ ಆಕಿ ನಡಿಗಿ ಬ್ಯಾರೆ ಇತ್ತು.

ಈ ಹದಿನೇಳಕ್ಕ ಸುನೀಲನ ವರ್ಷ. ಕುರಿ ಕಡಿಂದ ಸದಾಶಿವ ಬರ್ತಾನ. ಎಡಿ ಹಿಡಿಯೂ ಮುಂದ ಸುನೀಲನ ಫೋಟೋ ಮುಂದ ಏನ ಇಡ್ಲಿ ಅಂತ ನನ್ನ ನೀ ಕೇಳಿದ್ರ, ಆ ಹೊಗಳಿಕಿ ಕಾಗದ ಅಲ್ಲ. ಖಾಲಿ ಕುರ್ಚಿ ಇಟಗೊಂಡ ಪರೀಕ್ಷಾ ಮಾಡಾಕ ನಿಯಮ ಇಲ್ಲ ಅಂದ್ರ ಬ್ಯಾಡ ಬಿಡು. ಪದವಿ ಬ್ಯಾಡ. ಸಮಾರಂಭ ಬ್ಯಾಡ. ಆ ಇಬ್ಬರಿಗೆ ಪುಸ್ತಕ ಕೊಡು. ಬದುಕಿದ್ದವಂದು ಓದಿದಂಗ ಓದಲಿ, ಕೆಂಪ ಮಸಿಲೆ ಬರೀಲಿ, ಕೆಳಗ ತಮ್ಮ ಹೆಸರ ಹಾಕಲಿ. ನಾಪಾಸ ಆದ್ರೂ ಆಗ್ಲಿ. ನಾಪಾಸ ಆಗಾಕ ಸುದ್ದಾ ಒಬ್ಬರು ಓದಬೇಕಲ್ಲೋ ತಮ್ಮಾ.

ನವೆಂಬರದಾಗ ಇದನ್ನ ಒಂದ ಸಲ ಕೇಳಿದ್ದೆ. ಎಪ್ಪತ್ತೆಂಟ ವರ್ಷ ಆತು, ನನಗಂತ ದೇವರಿಗೆ ಸುದ್ದಾ ಎರಡನೇ ಸಲ ಏನೂ ಕೇಳಿದಾಕಿ ಅಲ್ಲ ನಾನು. ಈಗ ನಿನಗ ಕೇಳಾಕತ್ತೇನಿ. ಎರಡನೇ ಸಲ.

ಮಾರ್ಚ್ ಹುಟ್ಟೂದ್ರೊಳಗ ಉತ್ತರ ಬರೀ.

ಇಂತಿ,
ಸುನೀಲನ ಆಯಿ
ಸೀತವ್ವ